ರೋಗಿ ಮನೆಯಲ್ಲಿಲ್ಲ

ಆಯಮ್ಮನ ಮನೆಗೆ ಬೆಳಿಗ್ಗೆ ಎಂಟೂವರೆಗೆ ಬೀಗ ಬಿದ್ದರೆ ತೆಗೆಯುವುದು ಸಂಜೆ ಆರಕ್ಕೆ. ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋಗುವ ಎಲ್ಲ ಮನೆಗಳಿಗೂ ಬೀಗ ಬೀಳುತ್ತದೆ, ಅದರಲ್ಲೇನು ಹೆಚ್ಚುಗಾರಿಕೆ ಎಂದು ಕೇಳಬಹುದು. ಹೆಚ್ಚುಗಾರಿಕೆ ಇಷ್ಟೇ: ಆ ಒಂಬತ್ತೂವರೆ ಗಂಟೆ ಆಯಮ್ಮ ಒಳಗಿರುತ್ತಿದ್ದಳು.

ದೊಡ್ಡಾಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಮೂವತ್ತೊಂದು ವರ್ಷ ಆಯಾ ಆಗಿದ್ದವಳು. ಡಾಕ್ಟರು ಬಂದು ಹೋಗುವವರು, ಸಿಸ್ಟರುಗಳು ಬರೆದುಕೊಳ್ಳುವವರು. ಎತ್ತುವುದು, ಒರೆಸುವುದು, ಮಗ್ಗುಲು ತಿರುಗಿಸುವುದು, ಬೈಸಿಕೊಳ್ಳುವುದು ಆಯಾ. ತೊಂಬತ್ತು ಕಿಲೋ ತೂಗುವ ಆಸಾಮಿಯನ್ನು ಅವನ ಹೆಂಡತಿ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಹೊಸ ಹಾಸಿಗೆಗೆ ಬದಲಾಯಿಸಿಬಿಡುತ್ತಿದ್ದಳು. ನಿವೃತ್ತಿಯಾಗಿ ಎರಡು ವರ್ಷಕ್ಕೆ, ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿರುವಾಗ ಎಡಗೈಯಿಂದ ಬಾಚಣಿಗೆ ಜಾರಿತು. ಎತ್ತಿಕೊಳ್ಳಲು ಬಗ್ಗಿದವಳು ಅದರ ಪಕ್ಕದಲ್ಲೇ ಬಿದ್ದಳು. ಲಕ್ವ. ಎಡಗೈ, ಎಡಗಾಲು, ಬಾಯಿಯ ಎಡ ಮೂಲೆ ಮೂರೂ ಒಟ್ಟಿಗೆ ರಾಜೀನಾಮೆ ಕೊಟ್ಟವು. ಕಾಲು ಅಷ್ಟಿಷ್ಟು ವಾಪಸು ಬಂತು. ನಾಲ್ಕು ಪಾದದ ಕೋಲು ಹಿಡಿದು ಮನೆಯೊಳಗೆ ಓಡಾಡುವಷ್ಟು. ಮಾತು ನಿಧಾನವಾಯಿತು, ನಿಲ್ಲಲಿಲ್ಲ. ಕೈ ಮಾತ್ರ ಹಟ ಹಿಡಿದು ಕೂತಿತು.

ಮನೆ ಬಿಟ್ಟು ಬರಲಾಗದ ರೋಗಿಗಳ ಪಟ್ಟಿ ಅಂತ ಆಸ್ಪತ್ರೆಯಲ್ಲಿ ಒಂದಿದೆ. ಅದರಲ್ಲಿ ಹೆಸರಿದ್ದವರ ಮನೆಗೆ ಫಿಸಿಯೋ ಮೇಡಂ ತಾನೇ ಬಂದು ವ್ಯಾಯಾಮ ಮಾಡಿಸುತ್ತಾಳೆ. ಆಯಮ್ಮನಿಗೆ ಹನ್ನೆರಡು ಗುರುವಾರ ಎಂದು ಬರೆದಿದ್ದರು. ಮೊದಲ ಮೂರು ವಾರ ಸೊಸೆ ರಜೆ ಹಾಕಿ ಮನೆಯಲ್ಲಿದ್ದಳು, ಮೇಡಂ ಬಂದಳು. ಮೂರನೆಯ ಗುರುವಾರ ಎಡಗೈಯ ಹೆಬ್ಬೆರಳು ಅಲ್ಲಾಡಿತು. ಅಲ್ಲಾಡಿತು ಎಂದರೆ ಗೋಧಿ ಕಾಳಿನಷ್ಟು ಅಗಲ. ಮೇಡಂ ಚಪ್ಪಾಳೆ ತಟ್ಟಿ, "ಆಯಮ್ಮಾ, ಇದು ಬಂದ್ರೆ ಉಳಿದವೂ ಬರ್ತವೆ. ಈಗ ಬಿಡಬಾರದು ಅಷ್ಟೇ," ಎಂದಿದ್ದಳು. ಆ ರಾತ್ರಿ ಆಯಮ್ಮ ಆ ಬೆರಳಿನ ಸಂಗಡ ಮಗುವಿನ ಜೊತೆ ಮಾತಾಡಿದ ಹಾಗೆ ಮಾತಾಡಿದ್ದಳು.

ಸೊಸೆಯ ರಜೆ ಮುಗಿಯಿತು. ಅವಳು ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು, ಮಗ ಛಾಪಖಾನೆಯ ಬೈಂಡಿಂಗಿನಲ್ಲಿದ್ದಾನೆ. ಇಬ್ಬರೂ ಕೆಲಸಕ್ಕೆ ಹೊರಟ ಎರಡನೆಯ ದಿನ ಆಯಮ್ಮ ಕೋಲೂರಿಕೊಂಡು ಬೀದಿಯ ತಿರುವಿನವರೆಗೆ ಹೋದಳು. ಬೀದಿ ಬೀದಿಯ ಹಾಗೆ ಇದೆಯಾ ನೋಡೋಣ ಎಂದಷ್ಟೇ. ಬರುವಾಗ ಸುಸ್ತಾಗಿ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಬಾಯಿ ಸೊಟ್ಟಗಿರುವ ಮುದುಕಿ ಮೆಟ್ಟಿಲ ಮೇಲೆ ಕೂತರೆ ಲೋಕಕ್ಕೆ ಕೆಲಸ ಸಿಕ್ಕಿದ ಹಾಗೆ. ಒಬ್ಬ ನೀರು ಕೊಟ್ಟ, ಒಬ್ಬ "ಪಾಪ, ದಾರಿ ತಪ್ಪಿದ್ದಾರೆ" ಎಂದ, ಮೂರನೆಯವನು ಮಗನ ನಂಬರು ಹುಡುಕಿ ಫೋನು ಮಾಡಿದ. ಮಗ ಕೆಲಸ ಬಿಟ್ಟು ಓಡಿ ಬಂದ. ಮಾರನೆಯ ದಿನ ಬೀಗ ಬಂತು.

"ನಿನ್ನ ಒಳ್ಳೇದಕ್ಕೇ ಅಮ್ಮ," ಎಂದ ಮಗ.

ಈ ಮಾತಿಗೆ ಆಯಮ್ಮ ಎದುರು ಹೇಳಲಿಲ್ಲ. ಅವಳು ಸುಮ್ಮನಿರುವ ಪೈಕಿಯಲ್ಲ. ಆಸ್ಪತ್ರೆಯ ಮೇಲಧಿಕಾರಿಯನ್ನೇ ಕಾರಿಡಾರಿನಲ್ಲಿ ನಿಲ್ಲಿಸಿ ಫಿನಾಯಿಲಿನ ನೀರುನೀರು ಬಣ್ಣಕ್ಕೆ ಲೆಕ್ಕ ಕೇಳಿದವಳು. ಆದರೆ ಆ ಮಾತು ಅವಳದೇ ಮಾತು. ವಾರ್ಡಿನಲ್ಲಿ ರಾತ್ರಿ ಎದ್ದು ಓಡಾಡುವ, ನಳಿಕೆ ಕಿತ್ತುಕೊಳ್ಳುವ ರೋಗಿಗಳ ಕೈಗಳನ್ನು ಮಂಚಕ್ಕೆ ಕಟ್ಟಬೇಕಾಗುತ್ತಿತ್ತು. ಆ ಕೆಲಸದಲ್ಲಿ ಆಯಮ್ಮನನ್ನು ಮೀರಿಸಿದವರಿಲ್ಲ. ಮಣಿಕಟ್ಟಿನ ಸುತ್ತ ಹತ್ತಿ ಇಟ್ಟು, ಮೇಲೆ ಬ್ಯಾಂಡೇಜು ಬಟ್ಟೆ ಎರಡು ಸುತ್ತು ಸುತ್ತಿ, ಒಂದು ಬೆರಳು ತೂರುವಷ್ಟು ಸಡಿಲ ಬಿಟ್ಟು ಗಂಟು ಹಾಕಿದರೆ ಬೆಳಿಗ್ಗೆ ಮನೆಯವರು ಬಂದಾಗ ಚರ್ಮದ ಮೇಲೆ ಒಂದು ಗೆರೆಯೂ ಇರುತ್ತಿರಲಿಲ್ಲ. ಹೊಸ ಆಯಾಗಳನ್ನು ಸಿಸ್ಟರುಗಳು ಇವಳ ಹತ್ತಿರ ಕಲಿಯಲು ಕಳಿಸುತ್ತಿದ್ದರು. ಹನ್ನೊಂದನೆಯ ಮಂಚದಲ್ಲಿ ಒಬ್ಬ ಲೆಕ್ಕದ ಮೇಷ್ಟ್ರು ಇದ್ದರು. ಕಟ್ಟುವಾಗೆಲ್ಲ ಅವರು ಒದ್ದಾಡದೆ, ತರಗತಿಯಲ್ಲಿ ಕೇಳುವ ಧ್ವನಿಯಲ್ಲಿ ಕೇಳುತ್ತಿದ್ದರು: "ಯಾರು ಹೇಳಿದ್ದಮ್ಮಾ ಕಟ್ಟು ಅಂತ?" ಇವಳು ನಗುತ್ತಾ, "ನಿಮ್ಮ ಒಳ್ಳೇದಕ್ಕೇ ಮೇಷ್ಟ್ರೇ," ಎನ್ನುತ್ತಿದ್ದಳು. ಆರು ರಾತ್ರಿ ಹೀಗೆ ಕೇಳಿದರು. ಏಳನೆಯ ರಾತ್ರಿ ಕೇಳಲಿಲ್ಲ. ತಾವೇ ಎರಡೂ ಕೈ ಮುಂದೆ ಚಾಚಿದರು. ಅಬ್ಬಾ, ಈಗ ಸರಿಹೋದರು ಎಂದು ಆಯಮ್ಮ ಸಿಸ್ಟರಿಗೆ ಹೇಳಿದ್ದಳು.

ಸರಿಹೋಗುವುದು ಎಂದರೇನು ಎಂಬುದು ಬೀಗದ ಒಳಗೆ ಕೂತಾಗ ಅವಳಿಗೆ ತಿಳಿಯಿತು. ತಿಳಿದದ್ದರಿಂದಲೇ ಬಾಯಿ ಕಟ್ಟಿತು. ತಾನು ಮಾಡಿದ್ದನ್ನು ತನಗೆ ಮಾಡಿದರೆ ಯಾವ ಮುಖ ಇಟ್ಟುಕೊಂಡು ಕೂಗುವುದು?

ಹೀಗೆ ಮೂರೂವರೆ ತಿಂಗಳು. ಎರಡು ಕೋಣೆಯ ಮನೆ. ಬೀದಿ ಕಡೆಗೆ ಒಂದು ಕಿಟಕಿ; ಹೊರಗಿನಿಂದ ಯಾರೂ ಬಗ್ಗಿ ನೋಡಬಾರದೆಂದು ಅದರ ರೆಕ್ಕೆಯನ್ನು ಸೊಸೆ ಹೋಗುವಾಗ ಹೊರಗಿನಿಂದಲೇ ಒತ್ತಿ ಹೋಗುತ್ತಿದ್ದಳು. ಮೇಜಿನ ಮೇಲೆ ಫ್ಲಾಸ್ಕು, ಮುಚ್ಚಿಟ್ಟ ತಟ್ಟೆ, ಮಾತ್ರೆಗಳ ಡಬ್ಬಿ. ಕೈಗೊಂದು ಫೋನು, ಅದರಲ್ಲಿ ಮೂರೇ ನಂಬರು: ಮಗ, ಸೊಸೆ, ಮೇಲ್ಮನೆಯ ಟೈಲರಮ್ಮ. ಅವಳು ಬಿದ್ದ ದಿನ ಹಳೆಯ ಫೋನೂ ಜೊತೆಗೇ ಬಿದ್ದು ಒಡೆದಿತ್ತು, ಮೂವತ್ತೊಂದು ವರ್ಷದ ಗೆಳೆತನದ ನಂಬರುಗಳೆಲ್ಲ ಅದರಲ್ಲೇ ಹೋದವು. ಗುರುವಾರ ಬಂತೆಂದರೆ ಆಯಮ್ಮ ಊಟವಾದ ಮೇಲೆ ಹಿಂದಿನ ಕೋಣೆಯಲ್ಲಿ ಮಲಗಿ ಬಾಗಿಲು ತಟ್ಟುವ ಸದ್ದಿಗೆ ಕಿವಿ ಕೊಡುತ್ತಿದ್ದಳು. ಯಾರೂ ತಟ್ಟಲಿಲ್ಲ.

"ಮೇಡಂ ಯಾಕೋ ಬರ್ತಾನೇ ಇಲ್ವಲ್ಲೋ?" ಎಂದು ಮಗನನ್ನು ಕೇಳಿದರೆ, "ದೊಡ್ಡಾಸ್ಪತ್ರೆ ಅಮ್ಮ, ನಿನಗೆ ಗೊತ್ತಿಲ್ವಾ? ಅವರಿಗೆ ಸಾವಿರ ಜನ. ಮರ್ತಿರ್ತಾರೆ," ಎನ್ನುತ್ತಿದ್ದ.

ಮರೆತರು. ಮೂವತ್ತೊಂದು ವರ್ಷ ಅವರ ರೋಗಿಗಳ ಮಲ ಮೂತ್ರ ಬಾಚಿದವಳನ್ನು ಮೂರು ವಾರಕ್ಕೆ ಮರೆತರು. ಆಯಮ್ಮ ದಿನಕ್ಕೊಬ್ಬರಂತೆ ಹೆಸರು ಹಿಡಿದು ಶಾಪ ಹಾಕಿದಳು. ಅಷ್ಟರಲ್ಲಿ ಹೆಬ್ಬೆರಳು ಮೆಲ್ಲಗೆ ಅಂಗೈಯೊಳಕ್ಕೆ ಮಡಚಿಕೊಂಡಿತು, ಅದರ ಮೇಲೆ ಉಳಿದ ನಾಲ್ಕು ಬೆರಳು ಮುಚ್ಚಿಕೊಂಡವು. ತಾನೇ ಬಲಗೈಯಿಂದ ಬಿಡಿಸಲು ನೋಡಿದಳು. ಹೇಗೆ ಬಿಡಿಸಬೇಕೋ, ಎಲ್ಲಿ ಹಿಡಿಯಬೇಕೋ ತಿಳಿಯಲಿಲ್ಲ. ನೋವಿಗೆ ಹೆದರಿ ಬಿಟ್ಟಳು.

ಒಂದು ಮಧ್ಯಾಹ್ನ ಹೊರಗೆ ಗಂಡಸಿನ ಧ್ವನಿ ಕೇಳಿತು. ಸ್ಟ್ರೆಚರಣ್ಣನದು. ಇಪ್ಪತ್ತೆಂಟು ವರ್ಷ ಸ್ಟ್ರೆಚರ್ ತಳ್ಳಿ ಈಗ ಸ್ವಂತ ಮಂಡಿಯನ್ನು ತಳ್ಳಿಕೊಂಡು ಓಡಾಡುವವನು.

"ಈ ಮನೆಯವರೆಲ್ಲ ಎಲ್ಲಿಗೆ ಹೋಗ್ತಾರಮ್ಮಾ? ಇದು ನಾಲ್ಕನೇ ಸಲ ಬರ್ತಿರೋದು. ಯಾವಾಗ ಬಂದ್ರೂ ಬೀಗ."

"ಗಂಡ ಹೆಂಡ್ತಿ ಕೆಲಸಕ್ಕೆ ಹೋಗ್ತಾರಣ್ಣ," ಎಂದಳು ಮೆಟ್ಟಿಲ ಮೇಲಿನಿಂದ ಟೈಲರಮ್ಮ.

"ಮತ್ತೆ ಆಯಮ್ಮ? ಯಾರ ಮನೆಗಾದ್ರೂ ಕಳಿಸಿದ್ರಾ?"

"ಇಲ್ಲಣ್ಣ, ಒಳಗಿದಾರೆ."

"ಒಳಗೆ ಅಂದ್ರೆ?"

"ಒಳಗೇ. ಮನೆ ಒಳಗೆ."

ಅವನು ನಕ್ಕ. ಆಮೇಲೆ ನಗು ನಿಂತಿತು. ಆಯಮ್ಮ ಹಿಂದಿನ ಕೋಣೆಯಿಂದ ಹೊರಟಿದ್ದಳು. ಕೂಗಿದರೆ ಧ್ವನಿ ಹೊಸ್ತಿಲು ದಾಟುತ್ತಿರಲಿಲ್ಲ. ಮೇಜಿನ ಮೇಲಿದ್ದ ಸ್ಟೀಲಿನ ತಟ್ಟೆ ಎತ್ತಿ ಗೋಡೆಗೆ ಬಡಿದಳು. ಬಡಿದಳು, ಮತ್ತೆ ಬಡಿದಳು. ಕಿಟಕಿಯ ರೆಕ್ಕೆ ಹೊರಗಿನಿಂದ ತೆರೆಯಿತು, ಸರಳಿಗೆ ಸ್ಟ್ರೆಚರಣ್ಣನ ಮೂಗು ತಾಗಿತು.

"ಏನೇ ಆಯಮ್ಮಾ, ಯಾವ ಕೇಸಲ್ಲಿ ಒಳಗೆ ಹಾಕಿದ್ರು?"

"ಕೊಲೆ ಕೇಸು. ಇನ್ನೂ ಮಾಡಿಲ್ಲ. ಮಾಡ್ತೀನಿ."

"ಜಾಮೀನು ಸಿಗಲ್ವಾ?"

"ಬೀಗದ ಕೈ ಜಡ್ಜ್ ಸಾಹೇಬರ ಪ್ಯಾಂಟ್ ಜೇಬಲ್ಲಿದೆ. ಆರು ಗಂಟೆಗೆ ಬರ್ತಾರೆ."

ಸ್ವಲ್ಪ ಹೊತ್ತು ಇಬ್ಬರೂ ಹೀಗೇ ಆಡಿದರು. ವಾರ್ಡಿನಲ್ಲಿ ಇದಕ್ಕಿಂತ ಕೆಟ್ಟ ಹೊತ್ತಿನಲ್ಲೂ ಹೀಗೇ ಆಡಿದವರು. ಆಮೇಲೆ ಸ್ಟ್ರೆಚರಣ್ಣ ಹೇಳಿದ: ಆಸ್ಪತ್ರೆ ಅಡುಗೆಮನೆಯ ಅಕ್ಕ ಬಂದಿದ್ದಳಂತೆ, ಎಕ್ಸರೇ ಕೋಣೆಯವನು ಎರಡು ಸಲ ಬಂದಿದ್ದನಂತೆ. ಬೀಗ ನೋಡಿ ಹೋದರಂತೆ. ಆಯಮ್ಮ ಮನೆ ಬದಲಾಯಿಸಿದ್ದಾಳೆ ಎಂದು ಆಸ್ಪತ್ರೆಯಲ್ಲೆಲ್ಲ ಸುದ್ದಿಯಂತೆ.

"ಥೂ! ನೀವ್ಯಾರೂ ಬರಲಿಲ್ಲ ಅಂತ ನಾನು ದಿನಾ ಶಾಪ ಹಾಕ್ತಿದ್ದೆ."

"ಅದಕ್ಕೇ ಇರ್ಬೇಕು, ಈ ಮಂಡಿ ಇಷ್ಟು ನೋಯ್ತಿರೋದು," ಎಂದ ಅವನು. ಹೇಳುತ್ತಾ ಅವಳ ಎಡಗೈ ನೋಡಿದ. ಮುಷ್ಟಿ ನೋಡಿದ. "ಮೇಡಂ ಬರಲ್ವಾ?"

"ಮರ್ತಿದಾರಂತೆ."

"ಆ ಮೇಡಂ ಮರೆಯೋಳಲ್ಲ. ನಾಳೆ ಕೇಳ್ಕೊಂಡು ಬರ್ತೀನಿ."

ಮಾರನೆಯ ದಿನ ಮೂರು ಗಂಟೆಗೆ ಬಂದ. ಬಂದವನು ತಮಾಷೆ ಮಾಡಲಿಲ್ಲ. ಆಸ್ಪತ್ರೆಯ ಪುಸ್ತಕದ ಒಂದು ಪುಟವನ್ನು ಫೋನಿನಲ್ಲಿ ಫೋಟೋ ಹಿಡಿದು ತಂದಿದ್ದ. ಸರಳಿನ ನಡುವೆ ತೂರಿಸಿ ತೋರಿಸಿದ. ಆಯಮ್ಮ ರೋಗಿಗಳ ಹೆಸರಿನ ಚೀಟಿ ಓದಿ ಓದಿಯೇ ಅಕ್ಷರ ಕಲಿತವಳು. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. ಬೀಗ ಬಿದ್ದ ಮೇಲಿನ ಮೊದಲನೆಯ ಗುರುವಾರ: ಮನೆಗೆ ಬೀಗ, ರೋಗಿ ಮನೆಯಲ್ಲಿಲ್ಲ. ಎರಡನೆಯ ಗುರುವಾರ: ಮನೆಗೆ ಬೀಗ, ರೋಗಿ ಮನೆಯಲ್ಲಿಲ್ಲ. ಮೂರನೆಯ ಗುರುವಾರವೂ ಅದೇ, ಅದರ ಕೆಳಗೆ ಇನ್ನೊಂದು ಸಾಲು: ಮಗನಿಗೆ ಫೋನ್ ಮಾಡಲಾಯಿತು, ಇನ್ನು ಬರುವುದು ಬೇಡವೆಂದರು, ಹೆಸರು ತೆಗೆಯಲಾಗಿದೆ.

ಮನೆ ಬಿಟ್ಟು ಹೊರಡಲಾಗದವರ ಪಟ್ಟಿಯಿಂದ, ಮನೆಯಲ್ಲಿಲ್ಲ ಎಂಬ ಕಾರಣಕ್ಕೆ, ಮನೆಯಲ್ಲೇ ಬಿದ್ದಿದ್ದವಳ ಹೆಸರು ಹೊಡೆದು ಹಾಕಿದ್ದರು. ಅವಳು ಗೋಡೆಯ ಆಚೆ ಮಲಗಿ ಸದ್ದಿಗೆ ಕಿವಿಗೊಟ್ಟಿದ್ದಳು. ಆ ಫಿಸಿಯೋ ಹುಡುಗಿ ಗೇಟಿನ ಹತ್ತಿರ ನಿಂತು ಬರೆದುಕೊಂಡು ಹೋಗಿದ್ದಳು. ಬೀಗ ಹಾಕಿದ ಬಾಗಿಲನ್ನು ಯಾರು ತಟ್ಟುತ್ತಾರೆ? ಅವಳನ್ನು ಬೈಯುವ ಹಾಗಿಲ್ಲ. ಬೈಯಬೇಕಾದವನು ಆರು ಗಂಟೆಗೆ ಬರುವವನಿದ್ದ.

"ಪೊಲೀಸರಿಗೆ ಹೇಳೋಣ್ವಾ?" ಎಂದ ಸ್ಟ್ರೆಚರಣ್ಣ.

"ನೀನು ಮನೆಗೆ ಹೋಗು. ಇದು ನನ್ನ ಮನೆ ಜಗಳ. ನನ್ನ ಮಗ ನನಗೆ ಹೆಗ್ಗಣವೋ ಮುದ್ದೋ, ನಾನೇ ನೋಡ್ಕೋತೀನಿ."

ಅವನು ಹೋದ ಮೇಲೆ ಆಯಮ್ಮ ಬಾಗಿಲ ಹತ್ತಿರ ಬಂದಳು. ಹೊರಗೆ ಬೀಗವಿರುವ ಬಾಗಿಲಿಗೆ ಒಳಗಡೆ ಚಿಲಕವೂ ಇರುತ್ತದೆ ಎಂಬುದು ಆ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಮೇಲಿನದು ಕೈಗೆಟುಕುವುದಿಲ್ಲ, ಕೆಳಗಿನದಕ್ಕೆ ಬಗ್ಗುವ ಹಾಗಿಲ್ಲ. ನಡುವಿನದರ ಮೇಲೆ ಎರಡು ಸಲ ಬಣ್ಣ ಬಳಿದು ಅದು ಬಾಗಿಲಿಗೆ ಅಂಟಿಕೊಂಡಿತ್ತು. ಊಟದ ಚಮಚದ ಹಿಡಿಯಿಂದ ಬಣ್ಣ ಕೆರೆದಳು. ಬೆವರಿದಳು. ಕುರ್ಚಿಯಲ್ಲಿ ಕೂತು ಉಸಿರು ತೆಗೆದುಕೊಂಡು ಮತ್ತೆ ಎದ್ದು ಕೆರೆದಳು. ಸೆಡೆತ ಎಡ ಮೈಯನ್ನು ಬಾಗಿಲಿಗೆ ಒರಗಿಸಿ, ಬಲಗೈಯಿಂದ ದೂಡಿದಾಗ ಚಿಲಕ ಕರ್ರೆಂದು ಕೂತಿತು. ಗಡಿಯಾರ ನಾಲ್ಕೂ ಮುಕ್ಕಾಲು ತೋರಿಸುತ್ತಿತ್ತು. ಅಲ್ಲೇ ಕೂತಳು.

ಆರಕ್ಕೆ ಸ್ಕೂಟರು ನಿಂತಿತು. ಬೀಗ ತೆರೆದ ಸದ್ದಾಯಿತು. ಬಾಗಿಲು ತೆರೆಯಲಿಲ್ಲ.

"ಅಮ್ಮಾ? ಬಾಗಿಲಿಗೇನೋ ಸಿಕ್ಕಾಕ್ಕೊಂಡಿದೆ ನೋಡು."

"ಏನೂ ಸಿಕ್ಕಾಕ್ಕೊಂಡಿಲ್ಲ. ಚಿಲಕ ಹಾಕಿದ್ದೀನಿ."

"ಯಾಕಮ್ಮಾ?"

"ನಿಮ್ಮ ಒಳ್ಳೇದಕ್ಕೇ."

ಸೊಸೆ ಕಿಟಕಿಗೆ ಬಂದಳು. "ಅತ್ತೇ, ಏನಾಯ್ತು? ಮೈಗೆ ಹುಷಾರಿಲ್ವಾ? ಬಾಗಿಲು ತೆಗೀರಿ, ಕಾಲು ಬಿದ್ದು ಹೋಗ್ತಿದೆ ನಿಂತು ನಿಂತು."

"ನಂದೂ ಬಿದ್ದು ಹೋಗಿದೆ. ಕೂತು ಕೂತು. ಕೇಳು ನಿನ್ನ ಗಂಡನ್ನ, ಫಿಸಿಯೋ ಮೇಡಂಗೆ ಫೋನಲ್ಲಿ ಏನು ಹೇಳಿದ ಅಂತ."

ಮಗನ ಧ್ವನಿ ಸಣ್ಣದಾಯಿತು. "ಅಮ್ಮ, ಅದು… ಒಳಗೆ ಬಂದು ಹೇಳ್ತೀನಿ."

"ಅಲ್ಲಿಂದ್ಲೇ ಹೇಳು. ನಾನು ಮೂರೂವರೆ ತಿಂಗಳಿಂದ ಇಲ್ಲಿಂದ್ಲೇ ಕೇಳಿಸ್ಕೊಳ್ತಿಲ್ವಾ?"

ಟೈಲರಮ್ಮನ ಹೊಲಿಗೆ ಯಂತ್ರ ಮೇಲ್ಮನೆಯಲ್ಲಿ ನಿಂತಿತು. ಮಗ ಅದನ್ನು ಗಮನಿಸಿ ಇನ್ನೂ ಸಣ್ಣ ಧ್ವನಿಯಲ್ಲಿ ಹೇಳಿದ. "ಯಾವಾಗ ಬಂದ್ರೂ ಬೀಗ ಯಾಕೆ ಸಾರ್, ಅಮ್ಮ ಎಲ್ಲಿದಾರೆ ಅಂತ ಕೇಳಿದ್ರು. ಒಳಗಿದಾರೆ ಅಂತ ಹೆಂಗೆ ಹೇಳ್ಲಿ? ಹೆತ್ತ ತಾಯೀನ ಕೂಡಿ ಹಾಕಿದಾನೆ ಅಂತ ಬರ್ಕೊಂಡ್ರೆ?"

"ಕೂಡಿ ಹಾಕಿದ್ದೀಯಲ್ಲ?"

"ಹಂಗಲ್ಲಮ್ಮ…"

"ಹೆಂಗೆ?"

"ಆವತ್ತು ನೀನು ಅಂಗಡಿ ಮೆಟ್ಲಲ್ಲಿ ಕೂತಾಗ ನಾನು ಮಿಷನ್ ಮೇಲೆ ಕೆಲಸ ಬಿಟ್ಟು ಓಡಿ ಬಂದೆ. ಇನ್ನೊಂದ್ಸಲ ಹಂಗೆ ಹೋದ್ರೆ ವಾಪಸ್ ಬರೋದೇ ಬೇಡ ಅಂದ್ರು ಸೂಪರ್‌ವೈಸರ್. ನಾನೇನು ಮಾಡ್ಲಿ? ನೀನು ಬಿದ್ರೆ? ಯಾರಾದ್ರೂ ಕಳ್ಳ ನುಗ್ಗಿದ್ರೆ?"

ಇಷ್ಟರಲ್ಲಿ ಸೊಸೆ ಗಂಡನ ಕಡೆ ತಿರುಗಿದ್ದಳು. "ರೀ, ಮೇಡಂ ಬಂದಿದ್ರಾ? ಆಸ್ಪತ್ರೆಯವರು ಮರ್ತಿದಾರೆ ಅಂತ ನನಗೂ ಹೇಳಿದ್ರಲ್ರೀ! ಒಂದು ಬೀಗದ ಕೈ ಮೇಲ್ಗಡೆ ಅಕ್ಕನ ಹತ್ರ ಕೊಟ್ಟಿದ್ರೆ ಆಗ್ತಿರಲಿಲ್ವಾ?"

"ನಾನೂ ಅದೇ ಅನ್ಕೊಂಡಿದ್ದೆ," ಎಂದು ಮೇಲಿನಿಂದ ಧ್ವನಿ ಬಂತು.

"ಅನ್ಕೊಂಡಿದ್ದೆ ಅಂತೆ!" ಆಯಮ್ಮ ಒಳಗಿನಿಂದಲೇ ಸಿಡಿದಳು. "ಮೂರೂವರೆ ತಿಂಗಳು ನನ್ನ ತಲೆ ಮೇಲೇ ಕೂತು ಹೊಲೀತಿದ್ದೆ. ಮೇಡಂ ಗೇಟಿಗೆ ಬಂದು ಹೋಗೋದು ನಿನ್ನ ಕಣ್ಣಿಗೂ ಬಿದ್ದಿರುತ್ತೆ. ಬಾಯಿಗೂ ಬೀಗ ಹಾಕಿದ್ರಾ?"

ಮೇಲೆ ಹೊಲಿಗೆ ಯಂತ್ರ ಮತ್ತೆ ಓಡತೊಡಗಿತು. ಇಂಥ ಪ್ರಶ್ನೆಗೆ ನೆರೆಹೊರೆಯ ಹತ್ತಿರ ಎಂದೂ ಉತ್ತರ ಇರುವುದಿಲ್ಲ. ಯಾರ ಮನೆ ವಿಷಯ ನಮಗೇಕೆ ಎಂಬುದೊಂದೇ ಅವರ ಮರ್ಯಾದೆ.

"ಕೇಳು," ಎಂದಳು ಆಯಮ್ಮ ಮಗನಿಗೆ. ಒಂದೊಂದು ಮಾತಿಗೂ ಉಸಿರು ತೆಗೆದುಕೊಂಡಳು. "ನಾನೂ ಜನರ ಕೈ ಕಟ್ಟಿದವಳೇ. ಒಂದು ಗೆರೆ ಮೂಡದ ಹಾಗೆ ಕಟ್ತಿದ್ದೆ. ಅದಕ್ಕೇ ನೀನು ಬೀಗ ತಂದಾಗ ಬಾಯಿ ಮುಚ್ಕೊಂಡೆ, ನನಗೆ ಇದು ಆಗ್ಬೇಕಾದ್ದೇ ಅಂತ. ಆದ್ರೆ ನಾನು ಕಟ್ಟಿದವರಿಗೆ ಸುಳ್ಳು ಹೇಳಲಿಲ್ಲ. ಡಾಕ್ಟರು ಬಂದಾಗ ರೋಗಿ ಮಂಚದಲ್ಲಿಲ್ಲ ಅಂತ ಹೇಳಿ ವಾಪಸ್ ಕಳಿಸಲಿಲ್ಲ. ನೀನು ನಿನ್ನ ಮಾನ ಉಳಿಸ್ಕೊಳ್ಳೋಕೆ ನನ್ನ ಕೈ ಕೊಟ್ಬಿಟ್ಟೆ."

ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು.

"ಈಗ ಬೀಗ, ಎರಡೂ ಬೀಗದ ಕೈ, ಕಿಟಕಿಯಿಂದ ಒಳಗೆ ಕೊಡಿ. ಬಿದ್ರೆ ಬೀಳ್ತೀನಿ. ಬಿದ್ದವಳನ್ನ ಎತ್ತೋಕೆ ಬರೋರಿಗೆ ಬಾಗಿಲಾದ್ರೂ ತೆಗೆದಿರಲಿ. ನಾಳೆ ಬೆಳಿಗ್ಗೆ ನೀನೇ ಆಸ್ಪತ್ರೆಗೆ ಹೋಗು. ಆ ಮೇಡಂ ಮುಂದೆ ನಿಂತು, ಅಮ್ಮ ಒಳಗೇ ಇದ್ರು, ಬೀಗ ಹಾಕಿದ್ದು ನಾನು ಅಂತ ನಿನ್ನ ಬಾಯಿಂದ ಹೇಳು. ಆಗಲ್ಲ ಅಂದ್ರೆ ಇವತ್ತು ಎಲ್ಲಾದ್ರೂ ಮಲಗಿ. ನನಗೆ ಒಳಗಿದ್ದು ರೂಢಿಯಾಗಿದೆ."

ಸೊಸೆ ತನ್ನ ಚೀಲದಿಂದ ಬೀಗದ ಕೈ ತೆಗೆದು ಮೊದಲು ಒಳಗೆ ಹಾಕಿದಳು. ಮಗ ಇನ್ನೂ ಸ್ವಲ್ಪ ಹೊತ್ತು ಬೀಗ ಹಿಡಿದು ನಿಂತಿದ್ದ. ಆಮೇಲೆ ಕೈ ಸಮೇತ ಅದೂ ಬಂತು, ನೆಲದ ಮೇಲೆ ಟಣ್ಣೆಂದು ಬಿತ್ತು. ಚಿಲಕ ಹಾಕಲು ಹಿಡಿದಷ್ಟೇ ಹೊತ್ತು ಅದನ್ನು ತೆಗೆಯಲೂ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

ಮಗ ಮಾರನೆಯ ದಿನ ಹೋದ. ಹೇಳಿದನಂತೆ, ಹೇಗೆ ಹೇಳಿದನೋ, ಎಷ್ಟು ಹೇಳಿದನೋ, ಮೇಡಂಗೇ ಗೊತ್ತು. ಹೆಸರು ಒಮ್ಮೆ ತೆಗೆದರೆ ಮತ್ತೆ ಸೇರಿಸಲು ಡಾಕ್ಟರ ಹೊಸ ಚೀಟಿ ಬೇಕು, ಚೀಟಿಗೆ ಸಾಲಿನಲ್ಲಿ ನಿಲ್ಲಬೇಕು. ತೆಗೆಯಲು ಒಂದು ಗೆರೆ ಸಾಕಾಗಿತ್ತು. ಸೇರಿಸಲು ಹದಿನಾರು ದಿನ ಹಿಡಿಯಿತು.

ಗುರುವಾರ ಮೇಡಂ ತೆರೆದ ಬಾಗಿಲಿನಿಂದ ಒಳಗೆ ಬಂದಳು. ಮಗ ಅರ್ಧ ದಿನ ರಜೆ ಹಾಕಿ ಗೋಡೆಗೆ ಒರಗಿ ನಿಂತಿದ್ದ. ಮೇಡಂ ಮುಷ್ಟಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳು ಒತ್ತಿ ನೋಡಿದಳು. ಹೆಬ್ಬೆರಳ ಉಗುರು ಅಂಗೈಗೆ ನಾಟಿ ಅಲ್ಲೊಂದು ಕೆಂಪು ಗುಳಿಯಾಗಿತ್ತು.

"ಇಷ್ಟು ದಿನ ಯಾರೂ ಬಿಡಿಸೇ ಇಲ್ಲ, ಅಲ್ವಾ?"

ಬಾಗಿಲ ಹತ್ತಿರ ನಿಂತಿದ್ದ ಸೊಸೆ ಗಂಡನ ಕಡೆ ನೋಡಿದಳು.

"ಆಗಲೇ ಮಾಡಿದ್ರೆ ಬರ್ತಿತ್ತಾ ಮೇಡಂ?" ಎಂದು ಮಗ ಕೇಳಿದ.

"ಬರ್ತಿತ್ತು ಅಂತ ಹೇಳೋಕಾಗಲ್ಲ," ಎಂದಳು ಆ ಹುಡುಗಿ. "ಬರ್ತಿರಲಿಲ್ಲ ಅಂತಾನೂ ಹೇಳೋಕಾಗಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದ್ದ ಆ ಮಾತಿಗಿಂತ, ಖಂಡಿತ ಬರುತ್ತಿತ್ತು ಎಂದಿದ್ದರೆ ಮಗನಿಗೆ ಸುಲಭವಾಗುತ್ತಿತ್ತೇನೋ. ಅವನ ಮುಖ ಕಿವುಚಿಕೊಂಡಿತು, ಕಣ್ಣು ತುಂಬಿತು. ಹೋಗಲಿ ಬಿಡಪ್ಪ ಎಂಬ ಮಾತು ತಾಯಿಯ ಬಾಯಿಂದ ಬರಬೇಕಾದ ಹೊತ್ತು ಅದು. ಸೊಸೆಯೂ ಅದಕ್ಕೇ ಕಾಯುತ್ತಿದ್ದಳು. ಆಯಮ್ಮ ಆ ಮಾತು ಹೇಳಲಿಲ್ಲ.

"ಅಳೋದಿದ್ರೆ ಆಮೇಲೆ ಅಳು," ಎಂದಳು. "ಮೇಡಂ ವಾರಕ್ಕೊಂದು ದಿನ ಬರೋದು. ಉಳಿದ ಆರು ದಿನ ನೀನು ಮಾಡ್ಬೇಕು. ಕೂತ್ಕೊಂಡು ನೋಡ್ಕೋ."

ಅವನು ನೆಲದ ಮೇಲೆ ಕೂತ. ಮೊದಲು ಮಣಿಕಟ್ಟು ಬಗ್ಗಿಸಬೇಕು, ಆಗ ಬೆರಳು ತಾನೇ ಸಡಿಲವಾಗುತ್ತದೆ. ಹೆಬ್ಬೆರಳನ್ನು ತುದಿಯಲ್ಲಿ ಎಳೆಯಬಾರದು, ಬುಡದಲ್ಲಿ ಹಿಡಿಯಬೇಕು. ಹಾಳೆ ಮಡಿಸಿ ಮಡಿಸಿ ಗಟ್ಟಿಯಾದ ಅವನ ಬೆರಳುಗಳು ಆ ಬುಡವನ್ನು ಹುಡುಕಿಕೊಂಡವು. ಬುಡ ಹಿಡಿದು ಹೊರಕ್ಕೆ ತಂದದ್ದೇ ತಡ ಆಯಮ್ಮನ ಬಾಯಿಂದ ವಾರ್ಡಿನಲ್ಲಿ ಗಂಡಸರಿಂದ ಕಲಿತ ಒಂದು ಬೈಗುಳ ಬಂತು. ಅವನು ಹೆದರಿ ಕೈ ಬಿಟ್ಟ. ಬೆರಳು ಮತ್ತೆ ಒಳಕ್ಕೆ ಹೋಯಿತು.

"ಬಿಡು ಅಂದ್ನಾ ನಾನು?"

"ನೋಯುತ್ತೆ ಅಂತ…"

"ನೋವು ನನ್ನದು. ನಾನು ನಿಲ್ಲಿಸು ಅಂದಾಗ ನಿಲ್ಲಿಸು, ನಿನಗೆ ಅನ್ನಿಸಿದಾಗ ಅಲ್ಲ. ಹಿಡಿ."

ಅವನು ಮತ್ತೆ ಹಿಡಿದ. ಮೇಡಂ ಎಣಿಸತೊಡಗಿದಳು.